ಈ ಬೆಳಕು ಎಲ್ಲಿಂದ ಬಂತು? – ಮೇಲ್ಮೈ, ತೆಳು ಪದರ ಮತ್ತು ರೋಹಿತ ಕುರಿತ ಎರಡು ಪಾಠಗಳ ಅನುಭವ

ಹಿನ್ನೆಲೆ

ಬಿ.ಎಡ್. ಎರಡನೆಯ ವರ್ಷದ ಶಾಲಾ ಇಂಟರ್ನ್‌ಶಿಪ್‌ನಲ್ಲಿ ನನಗೆ ವಹಿಸಿದ್ದು ಸರ್ಕಾರಿ ಪ್ರೌಢಶಾಲೆಯೊಂದರ ಹತ್ತನೆಯ ತರಗತಿಯ ವಿಜ್ಞಾನ. ಎಂ.ಎಸ್ಸಿ.ಯಲ್ಲಿ ತೆಳು ಪದರಗಳ ರೋಹಿತದ ಮೇಲೆಯೇ ಪ್ರಾಜೆಕ್ಟ್ ಮಾಡಿದ್ದೆ. ಹಾಗಾಗಿ ಬೆಳಕಿನ ವರ್ಣ ವಿಭಜನೆಯ ಪಾಠಕ್ಕೆ ಹೆಚ್ಚಿನ ತಯಾರಿ ಬೇಕೆಂದು ನನಗೆ ಅನ್ನಿಸಿರಲಿಲ್ಲ. ಪಟ್ಟಕ ತೋರಿಸಿದೆ, ಗೋಡೆಯ ಮೇಲೆ ರೋಹಿತ ಬೀಳಿಸಿದೆ, ಏಳು ಬಣ್ಣಗಳ ಹೆಸರು ಹೇಳಿಸಿದೆ. ಗಂಟೆ ಹೊಡೆಯಲು ಎರಡು ನಿಮಿಷವಿದ್ದಾಗ ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಗೇಟಿನ ಹತ್ರ ಆಟೋ ನಿಲ್ಲಿಸ್ತಾರಲ್ಲ, ಅಲ್ಲಿ ಮಳೆನೀರಿನ ಮೇಲೆ ಬಣ್ಣ ಬಣ್ಣ ಕಾಣುತ್ತೆ. ಅದೂ ಇದೇನಾ?"

"ಹೌದು, ಅದೂ ವರ್ಣ ವಿಭಜನೆಯೇ. ಎಣ್ಣೆ ಅಲ್ಲಿ ಪಟ್ಟಕದ ಹಾಗೆ ಕೆಲಸ ಮಾಡುತ್ತದೆ" ಎಂದೆ. ಅವಳು ಕೂತು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಹಿಂದಿನ ಬೆಂಚಿನಲ್ಲಿ ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ತರಗತಿಯಲ್ಲಿ ಏನೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಪಟ್ಟಕದ ರೋಹಿತದಲ್ಲಿ ಗುಲಾಬಿ ಬಣ್ಣ ಇದೆಯೇನಮ್ಮ? ಸಂಜೆ ಗೇಟಿನ ಹತ್ತಿರ ಒಮ್ಮೆ ನೋಡಿಕೊಂಡು ಹೋಗಿ."

ಹೋಗಿ ನೋಡಿದೆ. ನೀರಿನ ಮೇಲೆ ಹಸಿರು ಪಟ್ಟೆ, ಅದರ ಪಕ್ಕ ಕಡು ಗುಲಾಬಿ, ಮತ್ತೆ ಹಸಿರು, ಮತ್ತೆ ಗುಲಾಬಿ. ಪಟ್ಟಕದಿಂದ ಬರುವ ರೋಹಿತದಲ್ಲಿ ಕಡು ಗುಲಾಬಿ ಎಲ್ಲಿಯೂ ಇಲ್ಲ. ಬಿಳಿ ಬೆಳಕಿನಿಂದ ಹಸಿರನ್ನು ತೆಗೆದರೆ ಉಳಿಯುವ ಬಣ್ಣ ಅದು. ಅಂದರೆ ಎಣ್ಣೆಯ ಪದರ ಬಣ್ಣಗಳನ್ನು ಬಿಡಿಸಿ ಹರಡುತ್ತಿಲ್ಲ, ಕೆಲವನ್ನು ಅಳಿಸುತ್ತಿದೆ. ಇದು ವ್ಯತಿಕರಣ, ವರ್ಣ ವಿಭಜನೆಯಲ್ಲ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ 'ಬಣ್ಣ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅಂದಿನ ಪಾಠದ ಹೆಸರನ್ನೇ ಉತ್ತರವಾಗಿ ಕೊಟ್ಟುಬಿಟ್ಟಿದ್ದೆ.

ಆ ತಪ್ಪನ್ನು ತಿದ್ದಲು ವಿಷಯ ಶಿಕ್ಷಕರು ಒಂದು ಅವಧಿಯನ್ನೂ ಶನಿವಾರದ ವಿಜ್ಞಾನ ಸಂಘದ ಒಂದು ಅವಧಿಯನ್ನೂ ಬಿಟ್ಟುಕೊಟ್ಟರು. ಆ ಎರಡು ಪಾಠಗಳ ವಿವರ ಇಲ್ಲಿದೆ. ಎರಡಕ್ಕೂ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡೆ: ನಮ್ಮ ಕಣ್ಣಿಗೆ ಬಂದ ಈ ಬೆಳಕು ವಸ್ತುವಿನ ಎಷ್ಟು ಆಳದಿಂದ ಬಂತು?

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು,
1. ಪಟ್ಟಕದ ಬಣ್ಣಕ್ಕೂ ತೆಳು ಪದರದ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ವೀಕ್ಷಣೆಯಿಂದ ಗುರುತಿಸುವರು.
2. ಪದರದ ದಪ್ಪಕ್ಕೂ ಅದರ ಬಣ್ಣಕ್ಕೂ ಇರುವ ಸಂಬಂಧವನ್ನು ಹೇಳುವರು.
3. ನೀರಿನ ಮೇಲ್ಮೈಯಿಂದ ಬಂದ ಬೆಳಕನ್ನು ಒಳಗಿನಿಂದ ಬಂದ ಬೆಳಕಿನಿಂದ ಬೇರ್ಪಡಿಸುವರು.
4. ಮೇಲ್ಮೈಯಲ್ಲಿರುವ ಅಣುಗಳ ಪಾಲನ್ನು ಲೆಕ್ಕ ಹಾಕಿ, ಅವುಗಳ ಅಧ್ಯಯನ ಏಕೆ ಕಷ್ಟವೆಂದು ವಿವರಿಸುವರು.

ಸಾಮಗ್ರಿಗಳು

ಸೋಪಿನ ದ್ರಾವಣ ಮತ್ತು ಸ್ವಲ್ಪ ಗ್ಲಿಸರಿನ್, ಕಟ್ಟುವ ತಂತಿಯ ಬಳೆ, ಕಪ್ಪು ಡ್ರಾಯಿಂಗ್ ಹಾಳೆ, ಕೆಂಪು ಮತ್ತು ನೀಲಿ ಜಿಲೆಟಿನ್ ಹಾಳೆ, ಬಣ್ಣವಿಲ್ಲದ ನೇಲ್ ಪಾಲಿಶ್, ಅಗಲವಾದ ತಟ್ಟೆ, ನೀರು, ನಾಣ್ಯ, ಕೋನಮಾಪಕ, ಕೆಟ್ಟುಹೋದ ಕ್ಯಾಲ್ಕುಲೇಟರ್‌ನ ಪರದೆಯಿಂದ ಬಿಡಿಸಿದ ಪೋಲರಾಯ್ಡ್ ಹಾಳೆ.

ಮೊದಲ ಅವಧಿ: ತೆಳು ಪದರದ ಬಣ್ಣ

ಪೂರ್ವಜ್ಞಾನ ಪರೀಕ್ಷಿಸುವ ಪ್ರಶ್ನೆಗಳ ಬದಲು ನನ್ನ ತಪ್ಪಿನಿಂದಲೇ ಆರಂಭಿಸಿದೆ. "ಮೊನ್ನೆ ಎಣ್ಣೆಯ ಬಣ್ಣದ ಬಗ್ಗೆ ನಾನು ಹೇಳಿದ್ದು ತಪ್ಪು. ಏಕೆ ತಪ್ಪು ಎಂದು ಇವತ್ತು ನೀವೇ ಕಂಡುಹಿಡಿಯಬೇಕು" ಎಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಗೌರವ ಕಡಿಮೆಯಾಗಬಹುದೆಂದು ನಾನು ಹೆದರಿದ್ದೆ. ಆದದ್ದು ಬೇರೆ: ಅಂದು ಎಲ್ಲರೂ ಮುಂದಕ್ಕೆ ಬಾಗಿ ಕೂತರು.

ಫ್ಯಾನ್ ಆರಿಸಿ, ತಂತಿಯ ಬಳೆಯನ್ನು ಸೋಪಿನ ದ್ರಾವಣದಲ್ಲಿ ಅದ್ದಿ, ಕಪ್ಪು ಹಾಳೆಯ ಮುಂದೆ ನೆಟ್ಟಗೆ ಹಿಡಿದೆ. ಕಿಟಕಿಯ ಬೆಳಕು ಪದರದ ಮೇಲೆ ಬಿದ್ದು ಮಕ್ಕಳ ಕಡೆಗೆ ಪ್ರತಿಫಲಿಸುವಂತೆ ಓರೆ ಮಾಡಿದೆ. ಅಡ್ಡ ಪಟ್ಟೆಗಳು ಮೂಡಿ ನಿಧಾನವಾಗಿ ಕೆಳಗಿಳಿದವು. ಕಂಡ ಬಣ್ಣಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಿಸಿದೆ. ಗುಲಾಬಿ ಎಂದು ಬರೆದವರು ಹಲವರು. "ಇದು ಪಟ್ಟಕದಲ್ಲಿತ್ತೇ?" ಎಂದು ಕೇಳಿದಾಗ, ಹಿಂದಿನ ಪಾಠದ ಚಿತ್ರ ತೆಗೆದು ನೋಡಿ "ಇಲ್ಲ" ಎಂದರು.

ಆಮೇಲೆ ಕೆಂಪು ಜಿಲೆಟಿನ್ ಹಾಳೆಯ ಮೂಲಕ ನೋಡಿಸಿದೆ. ಬಣ್ಣಗಳೆಲ್ಲ ಹೋಗಿ ಕೆಂಪು ಪಟ್ಟೆ, ಕಪ್ಪು ಪಟ್ಟೆ ಮಾತ್ರ ಉಳಿದವು. ನೀಲಿ ಹಾಳೆಯಲ್ಲಿ ನೋಡಿದಾಗ ಪಟ್ಟೆಗಳು ಇನ್ನೂ ಹತ್ತಿರ ಹತ್ತಿರ ಬಂದವು. ಈ ಪಾಠದ ತಿರುಳು ಇಲ್ಲಿದೆ. ಪದರದ ಮುಂದಿನ ಮುಖದಿಂದ ಒಂದು ಬೆಳಕು ಮರಳುತ್ತದೆ, ಹಿಂದಿನ ಮುಖದಿಂದ ಇನ್ನೊಂದು. ಎರಡು ತರಂಗಗಳ ಉಬ್ಬಿಗೆ ಉಬ್ಬು ಸೇರಿದರೆ ಪ್ರಕಾಶ, ಉಬ್ಬಿಗೆ ತಗ್ಗು ಸೇರಿದರೆ ಕತ್ತಲು. ಯಾವ ಬಣ್ಣ ಅಳಿಯುತ್ತದೆ ಎಂಬುದನ್ನು ಪದರದ ದಪ್ಪ ನಿರ್ಧರಿಸುತ್ತದೆ. ನೀಲಿಯ ತರಂಗದೂರ ಚಿಕ್ಕದಾದ್ದರಿಂದ ಅದರ ಪಟ್ಟೆಗಳು ಒತ್ತಾಗಿವೆ.

ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿದೆವು. ಹಸಿರಿನ ತರಂಗದೂರ 550 ನ್ಯಾನೋಮೀಟರ್, ಸೋಪಿನ ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ನೇರವಾಗಿ ನೋಡಿದಾಗ ಹಸಿರು ಅಳಿಯುವ ಅತಿ ಕಡಿಮೆ ದಪ್ಪ 550 ÷ (2 × 1.33), ಅಂದರೆ ಸುಮಾರು 207 ನ್ಯಾನೋಮೀಟರ್. ಮೊದಲ ಗುಲಾಬಿ ಪಟ್ಟೆ ಕಂಡ ಜಾಗದಲ್ಲಿ ಪದರದ ದಪ್ಪ ಸುಮಾರು ಇಷ್ಟು. ಯಾವ ಸ್ಕೇಲೂ ಮುಟ್ಟಲಾಗದ ದಪ್ಪವನ್ನು ಬಣ್ಣ ನೋಡಿಯೇ ಹೇಳಿದೆವು. ರೋಹಿತ ಬಳಸಿ ತೆಳು ಪದರ ಅಳೆಯುವ ಪ್ರಯೋಗಾಲಯದ ಉಪಕರಣವೂ ಇದನ್ನೇ ಮಾಡುತ್ತದೆ. ಪ್ರತಿಫಲಿತ ಬೆಳಕಿನ ರೋಹಿತದಲ್ಲಿ ಯಾವ ತರಂಗದೂರಗಳು ಮಂಕಾಗಿವೆ ಎಂದು ನೋಡಿ ದಪ್ಪವನ್ನು ಲೆಕ್ಕ ಹಾಕುತ್ತದೆ.

ಅಷ್ಟರಲ್ಲಿ ಪದರದ ಮೇಲಂಚು ಕಪ್ಪಾಗತೊಡಗಿತು. "ಅಲ್ಲಿ ಸೋಪು ಮುಗಿದುಹೋಯ್ತಾ ಮಿಸ್?" ಎಂದು ಒಬ್ಬ ಕೇಳಿದ. ಉತ್ತರ ಹೇಳುವ ಮೊದಲೇ ಇನ್ನೊಬ್ಬ, "ಮುಗಿದಿದ್ರೆ ಒಡೆದುಹೋಗ್ತಿತ್ತಲ್ಲೋ" ಎಂದ. ಅವನ ಮಾತು ಸರಿ. ಪದರ ಸುಮಾರು 30 ನ್ಯಾನೋಮೀಟರ್‌ಗಿಂತ ತೆಳುವಾದಾಗ ಎರಡು ಬೆಳಕುಗಳ ದಾರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯುವುದಿಲ್ಲ. ಆದರೆ ಗಾಳಿಯಿಂದ ಬಂದು ಮುಂದಿನ ಮುಖಕ್ಕೆ ತಾಗಿ ಮರಳುವ ತರಂಗ ತಿರುವುಮುರುವಾಗುತ್ತದೆ, ಹಿಂದಿನ ಮುಖದ್ದು ಆಗುವುದಿಲ್ಲ. ಹಾಗಾಗಿ ಎಲ್ಲ ಬಣ್ಣಗಳೂ ಒಟ್ಟಿಗೆ ಅಳಿಯುತ್ತವೆ. ಅತಿ ಕಪ್ಪಾದ ಭಾಗ ಸುಮಾರು 5 ನ್ಯಾನೋಮೀಟರ್‌ವರೆಗೂ ತೆಳುವಾಗಬಲ್ಲದು: ಎರಡು ಸಾಲು ಸೋಪಿನ ಅಣುಗಳು, ನಡುವೆ ತುಸು ನೀರು. ಅಲ್ಲಿ ಒಳಗು ಎಂಬುದು ಹೆಚ್ಚೇನೂ ಇಲ್ಲ, ಇರುವುದೆಲ್ಲ ಮೇಲ್ಮೈ.

ಕೊನೆಯ ಐದು ನಿಮಿಷ ತಟ್ಟೆಯ ನೀರಿನ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಟ್ಟು, ಅದು ಹರಡಿದ ಮೇಲೆ ಮೊದಲೇ ಮುಳುಗಿಸಿಟ್ಟಿದ್ದ ಕಪ್ಪು ಹಾಳೆಯಿಂದ ಎತ್ತಿದೆವು. ಒಣಗಿದ ಮೇಲೂ ಬಣ್ಣದ ಪಟ್ಟೆಗಳು ಹಾಗೇ ಉಳಿದವು. ಒಡೆಯದ ಮಾದರಿ ಬೇಕಾದವರಿಗೆ ಇದು ಅನುಕೂಲ.

ಎರಡನೆಯ ಅವಧಿ: ನೀರಿನ ಮೇಲ್ಮೈ

ಶನಿವಾರ ಮೊದಲ ಪ್ರಶ್ನೆ ಮಕ್ಕಳಿಂದಲೇ ಬಂತು: "ಸೋಪಿನ ಪದರದ ದಪ್ಪ ಗೊತ್ತಾಯ್ತು ಮಿಸ್. ಬಕೆಟ್ ನೀರಿನ ಮೇಲ್ಮೈ ಎಷ್ಟು ದಪ್ಪ?" ಗಣಿತದಲ್ಲಿ ಮೇಲ್ಮೈಗೆ ದಪ್ಪವಿಲ್ಲ ಎಂದು ಕಲಿಸಿರುತ್ತೇವೆ. ಹಾಗೆಂದು ಹೇಳಿ ಮುಗಿಸಲು ನಾಲಿಗೆ ತುದಿಗೆ ಬಂದಿತ್ತು. ಈ ಸಲ ತಡೆದುಕೊಂಡೆ.

ಲೆಕ್ಕ ಮಾಡಿಸಿದೆ. 1 ಘನ ಸೆಂಟಿಮೀಟರ್ ನೀರು 1 ಗ್ರಾಂ. 18 ಗ್ರಾಂ ನೀರಿನಲ್ಲಿ 6.022 × 10²³ ಅಣುಗಳಿದ್ದರೆ, 1 ಗ್ರಾಂನಲ್ಲಿ ಸುಮಾರು 3.3 × 10²². ಘನಮೂಲ ತೆಗೆಯಿಸುವ ಬದಲು 3.2 × 10⁷ ಸಂಖ್ಯೆಯ ಘನ ಮಾಡಿಸಿದೆ, ಉತ್ತರ ಹೆಚ್ಚುಕಡಿಮೆ ಹೊಂದಿತು. ಅಂದರೆ ಒಂದು ಸೆಂಟಿಮೀಟರ್ ಆಳದ ನೀರಿನಲ್ಲಿ ಸುಮಾರು 3.2 ಕೋಟಿ ಸಾಲು ಅಣುಗಳು ಒಂದರ ಮೇಲೊಂದಿವೆ, ಒಂದೊಂದು ಸಾಲು ಸುಮಾರು 0.3 ನ್ಯಾನೋಮೀಟರ್. ಗಾಳಿಯನ್ನು ಮುಟ್ಟಿಕೊಂಡಿರುವುದು ಮೇಲಿನ ಒಂದೆರಡು ಸಾಲು ಮಾತ್ರ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ ಸುಮಾರು 6.1 ಕೋಟಿ. ಅದರಲ್ಲಿ ಅರ್ಧದಷ್ಟು ಜನ ಒಟ್ಟಿಗೆ ಮಾತನಾಡುವಾಗ ಒಬ್ಬನ ಮಾತು ಕೇಳಿಸಿಕೊಳ್ಳಬೇಕಾದರೆ ಹೇಗೋ, ಬೆಳಕು ಬಳಸಿ ಆ ಮೇಲಿನ ಸಾಲನ್ನು ಅರಿಯುವುದೂ ಹಾಗೆ ಎಂದೆ.

ನಂತರ ಪೋಲರಾಯ್ಡ್ ಪ್ರಯೋಗ. ತಟ್ಟೆಯ ನೀರಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಹೊಳೆಯುತ್ತಿತ್ತು, ತಳದ ನಾಣ್ಯ ಕಾಣುತ್ತಿರಲಿಲ್ಲ. ಲಂಬದಿಂದ ಸುಮಾರು 53 ಡಿಗ್ರಿ ಕೋನದಲ್ಲಿ ಪೋಲರಾಯ್ಡ್ ಮೂಲಕ ನೋಡುತ್ತ ಅದನ್ನು ತಿರುಗಿಸಿದಾಗ ಹೊಳಪು ಆರಿತು, ನಾಣ್ಯ ಕಂಡಿತು. ಈ ಕೋನದಲ್ಲಿ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ಪೂರ್ತಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಪೋಲರಾಯ್ಡ್ ಅದನ್ನು ತಡೆಯಬಲ್ಲದು. ಉಳಿದು ಕಣ್ಣಿಗೆ ಬರುವುದು ಒಳಗಿನ ಬೆಳಕು.

ಇಲ್ಲಿ ಸಿ. ವಿ. ರಾಮನ್ ಅವರ ಕಥೆ ಹೇಳಿದೆ. 1921ರಲ್ಲಿ ಇಂಗ್ಲೆಂಡಿನಿಂದ ಎಸ್. ಎಸ್. ನರ್ಕುಂಡ ಹಡಗಿನಲ್ಲಿ ಮರಳುವಾಗ ಅವರು ಕಡಲಿನ ನೀಲಿಯನ್ನು ಪರೀಕ್ಷಿಸಿದರು. ಕಡಲು ಆಕಾಶದ ಬಣ್ಣವನ್ನು ಪ್ರತಿಫಲಿಸುವುದರಿಂದ ನೀಲಿ ಎಂಬುದು ಲಾರ್ಡ್ ರಾಲೆ ಅವರ ಅಭಿಪ್ರಾಯವಾಗಿತ್ತು. ರಾಮನ್ ನಿಕಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ನಾವು ತಟ್ಟೆಯಲ್ಲಿ ಮಾಡಿದಂತೆಯೇ ಮೇಲ್ಮೈಯ ಪ್ರತಿಫಲನವನ್ನು ಆರಿಸಿ ನೋಡಿದರು. ನೀಲಿ ಹೋಗಲಿಲ್ಲ. ಅದು ನೀರಿನ ಒಳಗಿನಿಂದ ಬರುತ್ತಿತ್ತು. ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಕಾರಣವೆಂದು ಅವರು ವಾದಿಸಿದರು. ನೀರು ಕೆಂಪನ್ನು ಹೀರಿಕೊಳ್ಳುವುದೂ ಮುಖ್ಯ ಕಾರಣವೆಂದು ಈಗ ನಮಗೆ ಗೊತ್ತಿದೆ. ಆ ಚದುರುವಿಕೆಯ ಹಿಂದೆ ಬಿದ್ದ ಕೆಲಸವೇ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ತಲುಪಿತು. ಅದೇ ವರ್ಷದ ಮಾರ್ಚ್ 16ರಂದು ಅವರು ಅದರ ಬಗ್ಗೆ ಉಪನ್ಯಾಸ ಕೊಟ್ಟದ್ದು ಬೆಂಗಳೂರಿನಲ್ಲಿ. ಫೆಬ್ರವರಿ 28ರಂದು ನಾವು ಶಾಲೆಗಳಲ್ಲಿ ವಿಜ್ಞಾನ ದಿನ ಆಚರಿಸುತ್ತೇವೆ, ಆದರೆ ಈ ತಟ್ಟೆಯ ಪ್ರಯೋಗ ಮಾಡಿಸುವುದು ಅಪರೂಪ.

ಕಥೆ ಮುಗಿದ ಮೇಲೆ ಎಣ್ಣೆಯ ಬಣ್ಣದ ಬಗ್ಗೆ ಕೇಳಿದ್ದ ಅದೇ ಹುಡುಗಿ ಕೇಳಿದಳು: "ಅವರು ಮೇಲಿನ ಬೆಳಕು ತೆಗೆದು ಒಳಗಿನದು ನೋಡಿದ್ರು. ಒಳಗಿನದು ತೆಗೆದು ಮೇಲಿನದು ಮಾತ್ರ ನೋಡೋಕೆ ಆಗಲ್ವಾ ಮಿಸ್?"

ನನ್ನ ಪಾಠ ಯೋಜನೆಯಲ್ಲಿ ಇದು ಮುಂದಿನ ಹಂತದ ಶೀರ್ಷಿಕೆಯಾಗಿತ್ತು. ಅದನ್ನು ಅವಳೇ ಕೇಳಿದ್ದರಿಂದ ನಾನು ಹೇಳಬೇಕಾದ ಪೀಠಿಕೆ ಉಳಿಯಿತು.

ಮೇಲ್ಮೈಯನ್ನಷ್ಟೇ ಕೇಳಿಸಿಕೊಳ್ಳುವ ವಿಧಾನ

ಮೇಲ್ಮೈಯಿಂದ ಪ್ರತಿಫಲಿಸುವ ಸಾಮಾನ್ಯ ಬೆಳಕು ಸಾಲದೇ ಎಂದು ಕೇಳಬಹುದು. ಆ ಬೆಳಕು ಕೂಡ ಮೇಲಿನ ಒಂದೇ ಸಾಲಿನದಲ್ಲ. ಅದರಲ್ಲಿ ಕೆಳಗಿನ ಸಾವಿರಾರು ಸಾಲು ಅಣುಗಳ ಪಾಲೂ ಇದೆ. ಇದಕ್ಕೆ ಒಂದು ಚಟುವಟಿಕೆ ಮಾಡಿಸಿದೆ. ಮುಂದಿನ ಸಾಲಿನ 8 ಮಂದಿ ಗಾಳಿಗೆ ತಾಗಿದ ಅಣುಗಳು, ಹಿಂದಿನ 30 ಮಂದಿ ಒಳಗಿನವು. ಹಿಂದಿನವರು ನಾಣ್ಯ ಚಿಮ್ಮಬೇಕು: ತಲೆ ಬಿದ್ದರೆ ಕೈ ಮೇಲಕ್ಕೆ, +1, ಬಾಲ ಬಿದ್ದರೆ ಕೆಳಕ್ಕೆ, −1. ಮುಂದಿನವರೆಲ್ಲರ ಕೈ ಮೇಲಕ್ಕೇ. ಒಳಗಿನ ಮೊತ್ತ ಸೊನ್ನೆಯಾಗುತ್ತದೆಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಬಂದದ್ದು +4. "ಸೊನ್ನೆ ಬರಲಿಲ್ಲ" ಎಂದು ಎಲ್ಲರೂ ಕೂಗಿದರು. ಮತ್ತೆರಡು ಸಲ ಚಿಮ್ಮಿಸಿ ಮೂರು ಸುತ್ತುಗಳ ಮೊತ್ತ ಕೂಡಿಸಿದೆವು. ಜನ ಹೆಚ್ಚಿದಷ್ಟೂ ಒಟ್ಟು ಸಂಖ್ಯೆಗೆ ಹೋಲಿಸಿದರೆ ಉಳಿಕೆ ಚಿಕ್ಕದಾಗುತ್ತ ಹೋಗುತ್ತದೆ, ಕೋಟಿಗಟ್ಟಲೆ ಅಣುಗಳಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟಾಗುತ್ತದೆ ಎಂಬ ಮಾತು ಆಗ ಒಪ್ಪಿಗೆಯಾಯಿತು. ಮುಂದಿನ ಸಾಲಿನ +8 ಮಾತ್ರ ಪ್ರತಿ ಸಲವೂ ಹಾಗೇ ಉಳಿಯಿತು.

ಮೇಲಿಗೂ ಕೆಳಗಿಗೂ ವ್ಯತ್ಯಾಸವಿರುವ ಕಡೆ ಮಾತ್ರ ಹುಟ್ಟುವ ಬೆಳಕೊಂದು ನಮಗೆ ಬೇಕು. ಅದನ್ನು ಕೊಡುವುದು ಮೊತ್ತ ಆವೃತ್ತಿಯ ರೋಹಿತ ವಿಧಾನ. ಅವಗೆಂಪು ಮತ್ತು ಗೋಚರ ಬೆಳಕಿನ ಎರಡು ಲೇಸರ್ ಕಿರಣಗಳನ್ನು ನೀರಿನ ಮೇಲ್ಮೈಯ ಒಂದೇ ಜಾಗಕ್ಕೆ ಬಿಟ್ಟರೆ, ಎರಡರ ಆವೃತ್ತಿಗಳು ಕೂಡಿದ ಹೊಸ ಬೆಳಕು ಅಲ್ಲಿಂದ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ವೈ. ಆರ್. ಶೆನ್ ಅವರ ತಂಡ 1987ರಲ್ಲಿ ಇದನ್ನು ಮೇಲ್ಮೈ ಅಣುಗಳ ರೋಹಿತಕ್ಕೆ ಬಳಸಿ ತೋರಿಸಿತು. 1993ರಲ್ಲಿ ಅದೇ ತಂಡ ನೀರಿನ ಮೇಲ್ಮೈಯ ರೋಹಿತವನ್ನು ಪ್ರಕಟಿಸಿತು.

ಹತ್ತನೆಯ ತರಗತಿಗೂ ಆಗುವ ಲೆಕ್ಕ ಇದರಲ್ಲಿದೆ. ಆವೃತ್ತಿಗಳು ಕೂಡುತ್ತವೆ ಎಂದರೆ ತರಂಗದೂರಗಳ ವಿಲೋಮಗಳು ಕೂಡುತ್ತವೆ. 1/532 + 1/2703 = 1/445. ಹಸಿರು ಬೆಳಕು, ಕಣ್ಣಿಗೆ ಕಾಣದ ಅವಗೆಂಪು, ಎರಡೂ ಸೇರಿ 445 ನ್ಯಾನೋಮೀಟರ್‌ನ ನೀಲಿ. ಇದರ ರೂಪ ಮಸೂರದ ಸೂತ್ರವನ್ನು ನೆನಪಿಸುವುದರಿಂದ ಮಕ್ಕಳು ತಡೆಯಿಲ್ಲದೆ ಬಿಡಿಸಿದರು.

ಅವಗೆಂಪಿನ ತರಂಗದೂರವನ್ನು ಬದಲಿಸುತ್ತ ಹೋದಂತೆ, ಅಣುವಿನ ಬಂಧದ ಕಂಪನಕ್ಕೆ ಅದು ಹೊಂದಿದಾಗ ಹೊಸ ಬೆಳಕು ಜೋರಾಗುತ್ತದೆ. ನೀರಿನ ಮೇಲ್ಮೈಯಲ್ಲಿ 2703 ನ್ಯಾನೋಮೀಟರ್ ಬಳಿ, ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 3700 ತರಂಗಗಳಿರುವಲ್ಲಿ, ಒಂದು ಚೂಪಾದ ಶಿಖರ ಕಾಣುತ್ತದೆ. ಒಳಗಿನ ನೀರಿನ ಸಾಮಾನ್ಯ ರೋಹಿತದಲ್ಲಿ ಈ ಚೂಪು ಶಿಖರ ಕಾಣುವುದಿಲ್ಲ. ನೀರಿನ ಒಳಗೆ ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನೊಡನೆ ಹೈಡ್ರೋಜನ್ ಬಂಧದಲ್ಲಿರುತ್ತದೆ. ಮೇಲಿನ ಸಾಲಿನ ಕೆಲವು ಅಣುಗಳಿಗೆ ಮೇಲ್ಗಡೆ ನೆರೆಯವರೇ ಇಲ್ಲ, ಆದ್ದರಿಂದ ಅವುಗಳ ಒಂದು ಓ–ಎಚ್ ತೋಳು ಗಾಳಿಯಲ್ಲಿ ಬಿಡಿಯಾಗಿ ಕಂಪಿಸುತ್ತದೆ. ಮೇಲ್ಸಾಲಿನಲ್ಲಿ ಇಂಥವು ಸುಮಾರು ಐದರಲ್ಲಿ ಅಥವಾ ನಾಲ್ಕರಲ್ಲಿ ಒಂದು. ಕೊಬ್ಬಿನಂಥ ಅಣುಗಳ ಒಂದೇ ಸಾಲು ನೀರನ್ನು ಒತ್ತಾಗಿ ಮುಚ್ಚಿದರೂ ಆ ಶಿಖರ ಅಳಿದುಹೋಗುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಟಿಪ್ಪಣಿ. ಒಳಗಿನಿಂದ ಈ ಬೆಳಕು ಏಕೆ ಬರುವುದಿಲ್ಲ ಎಂಬುದಕ್ಕೆ ವರ್ಗದ ನಿಯಮ ಸಾಕು. ಬೆಳಕಿನ ಕ್ಷೇತ್ರವನ್ನು ತಿರುಗಿಸಿದರೆ, ಅಂದರೆ ಧನವನ್ನು ಋಣ ಮಾಡಿದರೆ, ಎಲ್ಲ ದಿಕ್ಕೂ ಒಂದೇ ಆಗಿರುವ ವಸ್ತುವಿನಲ್ಲಿ ಪ್ರತಿಕ್ರಿಯೆಯೂ ತಿರುಗಲೇಬೇಕು. ಆದರೆ ಎರಡು ಕ್ಷೇತ್ರಗಳ ಗುಣಲಬ್ಧದಿಂದ ಬರುವ ಪ್ರತಿಕ್ರಿಯೆ ತಿರುಗುವುದಿಲ್ಲ, ಏಕೆಂದರೆ ಋಣವನ್ನು ಋಣದಿಂದ ಗುಣಿಸಿದರೆ ಧನ. ತಿರುಗಲೂಬೇಕು, ತಿರುಗಲೂಬಾರದು: ಎರಡನ್ನೂ ಪಾಲಿಸಬಲ್ಲ ಸಂಖ್ಯೆ ಸೊನ್ನೆಯೊಂದೇ. ನಾಣ್ಯದ ಆಟ ಈ ಮಾತಿನ ಛಾಯೆ ಮಾತ್ರ. ನಿಜವಾದ ಮೇಲ್ಸಾಲಿನಲ್ಲಿ ಎಲ್ಲ ಅಣುಗಳೂ ಮೇಲಕ್ಕೆ ನೋಡುವುದಿಲ್ಲ ಎಂಬುದನ್ನು ಮಕ್ಕಳಿಗೂ ಹೇಳಲೇಬೇಕು.

ಒಂದೇ ಪರಮಾಣು ದಪ್ಪದ ಹಾಳೆ

ಸಮಯ ಉಳಿದಿದ್ದರಿಂದ ಪೆನ್ಸಿಲ್ ಗೀಟಿನ ಮೇಲೆ ಅಂಟುಟೇಪ್ ಒತ್ತಿ ಎತ್ತಿಸಿದೆ. ಗ್ರಾಫೈಟ್ ಪದರ ಪದರವಾಗಿ ಬಿಡುತ್ತದೆ. ಹೀಗೆಯೇ ಟೇಪಿನಿಂದ ಬಿಡಿಸಿದ ಒಂದೇ ಪರಮಾಣು ದಪ್ಪದ ಗ್ರಾಫೀನ್ ಕುರಿತು ಆಂಡ್ರೆ ಗೀಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ 2004ರಲ್ಲಿ ಪ್ರಕಟಿಸಿದರು, 2010ರಲ್ಲಿ ನೊಬೆಲ್ ಪಡೆದರು. ಗ್ರಾಫೀನ್‌ನ ಒಂದು ಹಾಳೆ ಗೋಚರ ಬೆಳಕಿನ ಸುಮಾರು ಶೇ. 2.3ರಷ್ಟನ್ನು ಹೀರುತ್ತದೆ. ಇಷ್ಟು ತೆಳು ಹಾಳೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಹೇಗೆ? ಅದನ್ನು ಸುಮಾರು 300 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಡೈಆಕ್ಸೈಡ್ ಪದರದ ಮೇಲೆ ಇಟ್ಟಿದ್ದರು. ಆ ಪದರಕ್ಕೆ ಸೋಪಿನ ಪದರದಂತೆಯೇ ವ್ಯತಿಕರಣದ ಬಣ್ಣವಿದೆ. ಗ್ರಾಫೀನ್ ಕೂತ ಕಡೆ ಆ ಬಣ್ಣ ತುಸು ಬದಲಾಗುತ್ತದೆ. ಹಾಳೆ ಒಂದೋ ಎರಡೋ ಎಂಬುದನ್ನು ರಾಮನ್ ರೋಹಿತದ ಶಿಖರಗಳ ಆಕಾರ ಹೇಳುತ್ತದೆ. ಗೇಟಿನ ಬಳಿಯ ಎಣ್ಣೆಯಿಂದ ಹೊರಟ ಪಾಠ ಹೀಗೆ ಅದೇ ತತ್ವಕ್ಕೆ ಮರಳಿ ಮುಗಿಯಿತು.

ಮೌಲ್ಯಮಾಪನ

ನಾಲ್ಕು ಪ್ರಶ್ನೆ ಕೊಟ್ಟೆ.
1. ಕಾಮನಬಿಲ್ಲು, ಸೋಪಿನ ಗುಳ್ಳೆ: ಯಾವುದು ಬಣ್ಣವನ್ನು ಹರಡುತ್ತದೆ, ಯಾವುದು ಅಳಿಸುತ್ತದೆ?
2. ನೇಲ್ ಪಾಲಿಶ್ ಪದರದ ಒಂದು ಅಂಚು ಬಣ್ಣವಿಲ್ಲದೆ ಕಪ್ಪಾಗಿದ್ದರೆ ಅಲ್ಲಿ ಪದರ ಇಲ್ಲವೆಂದು ಹೇಳಬಹುದೇ?
3. ಕೆರೆಯ ನೀರಿನಲ್ಲಿ ಕಾಣುವ ಮೋಡ ಮತ್ತು ಮೀನು, ಇವೆರಡರಲ್ಲಿ ಯಾವುದನ್ನು ಪೋಲರಾಯ್ಡ್ ಮಾಯ ಮಾಡಬಲ್ಲದು?
4. ನೀರಿನ ಮೇಲ್ಸಾಲಿನ ಅಣುಗಳನ್ನು ಸಾಮಾನ್ಯ ರೋಹಿತದಲ್ಲಿ ಗುರುತಿಸುವುದು ಏಕೆ ಕಷ್ಟ?

ಮೂರನೆಯದಕ್ಕೆ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ನಾಲ್ಕನೆಯದಕ್ಕೆ 'ಅಣುಗಳು ಚಿಕ್ಕವು' ಎಂದು ಬರೆದವರು ಹಲವರಿದ್ದರು. ಅಣುಗಳು ಒಳಗೂ ಚಿಕ್ಕವೇ, ತೊಂದರೆ ಇರುವುದು ಮೇಲ್ಸಾಲಿನವುಗಳ ಪಾಲು ಕಡಿಮೆ ಎಂಬುದರಲ್ಲಿ. ಇದನ್ನು ಸೋಮವಾರ ಮತ್ತೆ ಚರ್ಚಿಸಬೇಕಾಯಿತು.

ಅವಲೋಕನ

ಪೋಲರಾಯ್ಡ್ ಒಂದೇ ಇದ್ದದ್ದು ದೊಡ್ಡ ಕೊರತೆ. ಸಾಲಿನಲ್ಲಿ ನಿಂತು ನೋಡುವಷ್ಟರಲ್ಲಿ ಹದಿನೈದು ನಿಮಿಷ ಹೋಯಿತು, ಹಿಂದಿದ್ದವರು ಬೇಸರಗೊಂಡರು. ಮುಂದಿನ ಸಲ ಪ್ರತಿ ಗುಂಪಿಗೂ ಒಂದು ತಟ್ಟೆ, ಒಂದು ತುಂಡು ಹಾಳೆ ಕೊಡುವೆ. ಆವೃತ್ತಿ ಕೂಡುವ ಭಾಗ ಎಲ್ಲ ತರಗತಿಗೂ ಬೇಕಿಲ್ಲ, ಮಕ್ಕಳ ಕಡೆಯಿಂದ ಪ್ರಶ್ನೆ ಬಂದರೆ ಮಾತ್ರ ಹೇಳಬಹುದು. ಸೋಪಿನ ಪದರ ಮತ್ತು ತಟ್ಟೆಯ ಪ್ರಯೋಗಗಳನ್ನು ಮಾತ್ರ ಬಿಡಬಾರದು.

ವೀಕ್ಷಣಾ ಪುಸ್ತಕದಲ್ಲಿ ನನ್ನ ಮೊದಲ ಪಾಠಕ್ಕೆ 'ವಿಷಯ ಪ್ರಭುತ್ವ' ಎಂಬಲ್ಲಿ ಒಳ್ಳೆಯ ಅಂಕವೇ ಇತ್ತು. ಅದರ ಕೆಳಗೆ ಉಪನ್ಯಾಸಕರು ಪೆನ್ಸಿಲಿನಲ್ಲಿ ಬರೆದಿದ್ದರು: 'ಉತ್ತರ ಹೇಳುವ ಮೊದಲು ವಸ್ತುವನ್ನು ನೋಡುವುದು.' ಇಂಟರ್ನ್‌ಶಿಪ್‌ಗೆ ಹೊರಟಿರುವ ಸ್ನೇಹಿತರಿಗೆ ನಾನು ಹೇಳಬೇಕಾದದ್ದೂ ಇದೇ. ಮಗು ಕೇಳಿದ ಬಣ್ಣ ನಿಮ್ಮ ಪಾಠದ ಬಣ್ಣವೇ ಆಗಿರಬೇಕಿಲ್ಲ. ಎರಡು ನಿಮಿಷ ಉಳಿದಿದ್ದರೆ 'ನಾಳೆ ನೋಡಿ ಹೇಳೋಣ' ಎಂದರೆ ಏನೂ ಕಳೆದುಹೋಗುವುದಿಲ್ಲ. ನನ್ನ ತಪ್ಪು ವಾಕ್ಯವನ್ನು ಆ ಹುಡುಗಿ ಮೊದಲ ಅವಧಿ ಮುಗಿದಾಗಲೇ ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದುಕೊಂಡಿದ್ದಳು. ಅವಳು ಪ್ರಶ್ನೆ ಕೇಳದೆ ಕೂತಿದ್ದರೆ ಆ ತಪ್ಪು ನನ್ನ ಮನಸ್ಸಿನಲ್ಲೇ ಉಳಿದು ಇನ್ನೆಷ್ಟು ತರಗತಿಗಳಿಗೆ ಹೋಗುತ್ತಿತ್ತೋ.